ರಬ್ಬರ್ ಬೊಂಬೆ ಬರದ ದಿನ

“ಮಲ್ಕೊಳೋ ಕತ್ತೆ! ನಿನ್ನ ಎದೆಗೇನು ಚಿನ್ನ ಮೆತ್ತಿದ್ಯಾ?”

ಹಾಗೆ ಅರಚಿದವರು ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟ್ರು. ನಾನು ಸ್ಟ್ರೆಚರ್ ತಳ್ಳುವವನು. ಹೊಸದೇನು ಬಂದರೂ ಮೊದಲು ನಮ್ಮ ಮೈಮೇಲೆ ಪರೀಕ್ಷೆ ಆಗಬೇಕು, ಅದು ಇಲ್ಲಿಯ ಪದ್ಧತಿ. ಸೂಜಿ ಚುಚ್ಚಲು ಕಲಿಯುವವರಿಗೆ ನಮ್ಮ ತೋಳು, ಹೊಸ ಎಕ್ಸ್‌ರೇಗೆ ನಮ್ಮ ಮೂಳೆ. ಇವತ್ತು ಹೃದಯ ನಿಂತವರ ಎದೆಯನ್ನು ತಾನೇ ಒತ್ತುವ ಮಿಷನ್ನು ಬಂದಿತ್ತು. ತೋರಿಸಲು ಬೇಕಾದ ರಬ್ಬರ್ ಬೊಂಬೆ ಬಂದಿರಲಿಲ್ಲ. ದಾನ ಕೊಟ್ಟ ಸಾಹುಕಾರರು ಮಾತ್ರ ಫೋಟೋದವರ ಸಮೇತ ಬಂದು ಕೂತಿದ್ದರು.

“ಸಾರ್, ಬದುಕಿರೋರಿಗೆ ಹಾಕಿದ್ರೆ ಪಕ್ಕೆಲುಬು ಮುರಿಯುತ್ತೆ ಅಂತ ಮಿಷನ್ ತಂದೋರೇ ಹೇಳಿದ್ರು.”

“ಮುರಿದ್ರೆ ಕಟ್ತೀವಿ, ಇದೇನು ಛತ್ರಾನಾ? ಆಗಲ್ಲಾಂದ್ರೆ ನಾಳೆಯಿಂದ ಬರ್ಬೇಡ.”

ಮಲಗಿದೆ. ಮಿಷನ್ನಿನ ರಬ್ಬರ್ ಬಟ್ಟಲು ಎದೆಯ ಮೇಲೆ ಕೂತಿತು, ಪಟ್ಟಿ ಬಿಗಿದರು. ಸುಳ್ಳು ಯಾಕೆ ಹೇಳಲಿ, ಉಚ್ಚೆ ಬರುವ ಹಾಗಾಯಿತು. ಅಷ್ಟರಲ್ಲಿ ನೆಲ ಒರೆಸುವ ಅಕ್ಕ ಬಕೆಟ್ಟು ಎಳೆದುಕೊಂಡು ಬಂದು, ಧೂಳು ಕೊಡವುವ ನೆಪದಲ್ಲಿ ಬಗ್ಗಿ ನನ್ನ ಕಿವಿಯಲ್ಲಿ ಅಂದಳು: “ಬೆಳಿಗ್ಗೆ ಒರೆಸುವಾಗ್ಲೇ ಬ್ಯಾಟ್ರಿ ಕಿತ್ತಿದೀನಿ, ಬಕೆಟ್ಟಲ್ಲಿದೆ. ನೀನು ಸುಮ್ನೆ ಸಾಯಿ.”

ಸತ್ತೆ. ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಗೆ ಹಾಕಿ, ಅಚ್ಚುಕಟ್ಟಾಗಿ ಸತ್ತೆ.

“ಅಯ್ಯಯ್ಯೋ, ನನ್ನ ತಮ್ಮನ್ನ ಹೆದರ್ಸಿ ಹೆದರ್ಸಿ ಕೊಂದ್ರಲ್ಲಪ್ಪೋ!” ಅಕ್ಕ ಬಾಯಿ ಬಡಿದುಕೊಂಡಳು. ಕ್ಯಾಮೆರಾಗಳೆಲ್ಲ ದೊಡ್ಡ ಡಾಕ್ಟ್ರ ಮುಖಕ್ಕೆ ತಿರುಗಿದವು.

ಅವರು ನನ್ನ ನಾಡಿ ಹಿಡಿದು ಕೆಂಪಾದರು. “ನಾಟಕ ಸಾರ್, ಬದುಕಿದಾನೆ ನನ್ಮಗ!”

“ಜೀವ ಹೋಗ್ತಿದೆ, ನಾಟಕ ಅಂತೀರಲ್ರೀ!” ಸಾಹುಕಾರರು ಎದ್ದು ನಿಂತರು. “ಮಿಷನ್ ಹಾಕಿ!”

“ಹಾಕ್ತೀನಿ, ತಡೀರಿ.” ದೊಡ್ಡ ಡಾಕ್ಟ್ರು ಹಲ್ಲು ಕಡಿಯುತ್ತ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಗುದ್ದಿದರು. ಮಿಷನ್ನು ಜಪ್ಪಯ್ಯ ಅನ್ನಲಿಲ್ಲ.

“ಹಾಗಾದ್ರೆ ಬಾಯಿಗೆ ಬಾಯಿ ಇಟ್ಟು ಊದ್ರೀ! ಫೋಟೋ ತೆಗೀರಪ್ಪಾ!” ಸಾಹುಕಾರರು ಕೂಗಿದರು.

ನಮ್ಮ ಕೈ ತಗುಲಿದ ಬಾಗಿಲಿನ ಹಿಡಿಯನ್ನೂ ಒರೆಸಿ ಮುಟ್ಟುವ ಮನುಷ್ಯ ದೊಡ್ಡ ಡಾಕ್ಟ್ರು. ಕ್ಯಾಮೆರಾಗಳ ನಡುವೆ ಮೆಲ್ಲಗೆ ನನ್ನ ಮುಖದ ಮೇಲೆ ಬಗ್ಗಿದರು.

“ಏಳೋ ಬೋಳಿಮಗನೆ,” ಪಿಸುಗುಟ್ಟಿದರು. “ನಿಂಗೆ ಕೈ ಮುಗೀತೀನಿ, ಏಳೋ.”

ಬೆಳಿಗ್ಗೆ ಎರಡು ಹಸಿ ಈರುಳ್ಳಿ ಕಚ್ಚಿಕೊಂಡು ತಿಂದಿದ್ದೆ. ಬಾಯಿ ಇನ್ನಷ್ಟು ಅಗಲಿಸಿದೆ.