ಹಳೇ ಬಾಡಿಗೆದಾರ

ಕತ್ತಿನಲ್ಲಿ ಉಸಿರಾಟದ ಕೊಳವೆಯಿದ್ದ ಆರು ವರ್ಷದ ಹುಡುಗಿಯ ಕಫದ ವರದಿ ನೋಡಿ ಕಿರಿಯ ಡಾಕ್ಟರು ನಿರಾಳರಾದರು. ಮೂರು ತಿಂಗಳ ಹಿಂದೆಯೂ ಇದೇ ಕ್ರಿಮಿ ಬೆಳೆದಿತ್ತು. ಕೊಳವೆ ಎಂದ ಮೇಲೆ ಕ್ರಿಮಿ ಇದ್ದೇ ಇರುತ್ತದೆ, ಕಂಡದ್ದಕ್ಕೆಲ್ಲ ಮದ್ದು ಸುರಿಯಬಾರದೆಂದು ಗುರುಗಳು ತಲೆಗೆ ಮೊಟಕಿ ಕಲಿಸಿದ್ದರು.

“ಈ ಕ್ರಿಮಿ ಹಳೇ ಬಾಡಿಗೆದಾರನಮ್ಮ. ಔಷಧಿ ಬೇಡ,” ಎಂದರು.

ತಾಯಿ ಕುರ್ಚಿ ಬಿಟ್ಟೇಳಲಿಲ್ಲ. ಪ್ರತಿ ಸಲ ಒಳಗೆ ಬಂದ ಕೂಡಲೇ ಕೊಳವೆಯ ಬಾಯಿಗೆ ಬೆರಳೊತ್ತಿ, ದನಿ ಹೊರಡಿಸಿ, ಡಾಕ್ಟರನ್ನು ‘ಸೂಜಿಮಾಮ’ ಎಂದು ಬೈಯುತ್ತಿದ್ದ ಮಗಳ ಕೈ ಇವತ್ತು ಮಡಿಲಲ್ಲೇ ಬಿದ್ದಿತ್ತು.

“ಬಾಡಿಗೆದಾರ ಹಳಬನೇ ಇರಬಹುದು ಡಾಕ್ಟ್ರೇ. ಆದ್ರೆ ಬೆಳಿಗ್ಗೆಯಿಂದ ಮನೆ ಯಜಮಾನಿ ಯಾರನ್ನೂ ಬೈದಿಲ್ಲ.”

ಡಾಕ್ಟರು ವರದಿ ಕೆಳಗಿಟ್ಟು, ಅಂದು ಮೊದಲ ಸಲ ಹುಡುಗಿಯ ಮುಖ ನೋಡಿದರು.