ಎದ್ದಿರುವವರ ಎಣಿಕೆ

"ಕೆಟಲಿಗೆ ಪ್ಲಗ್ ಬೇಕಿತ್ತಮ್ಮ, ಅದಕ್ಕೇ ಕಿತ್ತೆ. ಬ್ಯಾಟರಿ ಮೇಲೆ ಓಡುತ್ತಲ್ಲ ಬಿಡು," ಎಂದರು ಮೀಟರಪ್ಪ, ಆಸ್ಪತ್ರೆಯ ಔಷಧಿ ಪಂಪಿನ ವೈರನ್ನು ಕೈಯಲ್ಲಿ ಹಿಡಿದುಕೊಂಡೇ. ಪಂಪುಗಳನ್ನು ಪರೀಕ್ಷಿಸುವ ಕೋಣೆಯ ಹಿರಿಯರು ಅವರು. ಕುತ್ತಿಗೆಗೆ ಸದಾ ಕರೆಂಟು ಅಳೆಯುವ ಒಂದು ಮೀಟರ್ ನೇತುಹಾಕಿಕೊಂಡಿರುತ್ತಿದ್ದರಿಂದ ಕಚೇರಿಗೆಲ್ಲ ಮೀಟರಪ್ಪ.

ಪಂಪಿನ ಸಾಫ್ಟ್‌ವೇರ್ ಬರೆಯುವವಳು ಅವಳು; ಅವರ ಮಾತು ಅವಳ ಕಿವಿಗೆ ಬೀಳಲಿಲ್ಲ. ಕಣ್ಣು ಪಂಪಿನ ಪುಟ್ಟ ಪರದೆಯ ಮೇಲಿತ್ತು. ಒಂದು ಗಳಿಗೆ ಮುಂಚೆ ಅಲ್ಲಿ ಮೂವತ್ತೊಂದು ಇತ್ತು, ಈಗ ಹದಿನಾರು. ರೋಗಿಯ ಮೈಗೆ ಎಷ್ಟು ಮಿಲಿ ಔಷಧಿ ಹೋಗಿದೆ ಎಂದು ತೋರಿಸುವ ಅಂಕಿ ಅದು. ಮೈಗೆ ಹೋದದ್ದು ವಾಪಸ್ ಬರುವುದುಂಟೇ? ಆ ಅಂಕಿ ಏರಬೇಕು, ಇಲ್ಲವೇ ಇದ್ದಲ್ಲೇ ಇರಬೇಕು. ಇಳಿಯುವ ಮಾತೇ ಇಲ್ಲ.

"ಮತ್ತೆ ಹಾಕಿ," ಎಂದಳು.

ಹಾಕಿದರು. ಮೂವತ್ತೆರಡು.

"ತೆಗೀರಿ."

ಹದಿನೇಳು. ಮೀಟರಪ್ಪ ಕೆಟಲನ್ನು ಕೆಳಗಿಟ್ಟು ಹತ್ತಿರ ಬಂದರು. ಏನಾಗಿದೆ ಎಂದು ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ಆದರೂ ತನ್ನ ಮೇಜಿಗೆ ಹೋಗಿ, ಆರು ವರ್ಷದ ಹಿಂದೆ ತಾನೇ ಬರೆದ ಕೋಡನ್ನು ತೆರೆದು, ಅದೊಂದು ಸಾಲನ್ನು ಬೆರಳಿಟ್ಟು ಓದಿದಳು.

ಪಂಪಿನ ಹೊಟ್ಟೆಯಲ್ಲಿ ನಾಲ್ಕು ಪ್ರೊಸೆಸರುಗಳಿವೆ. ಯಾರು ಯಾವಾಗ ಯಾವ ಕೆಲಸ ಮಾಡಬೇಕು ಎಂದು ಅವರನ್ನು ಆಳುವುದು ಕರ್ನಲ್ ಎಂಬ ತಂತ್ರಾಂಶ. ಆ ಕರ್ನಲ್ ಅವಳದೇ ಸೀಮೆ. ಸಿರಿಂಜಿನ ದಂಡ ಕೂದಲೆಳೆಯಷ್ಟು ಮುಂದೆ ಸರಿದಾಗಲೆಲ್ಲ ಒಂದು ಸುಳಿವು ಬರುತ್ತದೆ, ನಾಲ್ವರಲ್ಲಿ ಬಿಡುವಾಗಿರುವವನು ಅದನ್ನು ಎಣಿಸಿಕೊಳ್ಳಬೇಕು. ಮೊದಲು ನಾಲ್ವರಿಗೂ ಸೇರಿ ಒಂದೇ ಚೀಟಿ ಇತ್ತು. ಒಬ್ಬ ಬರೆಯುವಾಗ ಮಿಕ್ಕ ಮೂವರು ಬಾಯಿ ಬಿಟ್ಟುಕೊಂಡು ಕಾಯಬೇಕು, ಪಂಪ್ ತಡವರಿಸುತ್ತಿತ್ತು. ಅವಳು ತಲೆ ಓಡಿಸಿ ಒಬ್ಬೊಬ್ಬನಿಗೂ ಅವನದೇ ಒಂದು ಚೀಟಿ ಕೊಟ್ಟಳು. ನಿನ್ನದರಲ್ಲಿ ನೀನು ಬರೆದುಕೊ, ಪಕ್ಕದವನದಕ್ಕೆ ಕೈ ಹಾಕಬೇಡ. ಒಟ್ಟು ಎಷ್ಟು ಎಂದು ಯಾರಾದರೂ ಕೇಳಿದಾಗ ಎಲ್ಲ ಚೀಟಿ ಕೂಡಿಸಿ ಹೇಳಿದರಾಯಿತು. ತಡವರಿಕೆ ನಿಂತುಹೋಯಿತು. ಮೇಲಿನವರು ಬೆನ್ನು ತಟ್ಟಿದರು, ಅವಳೂ ಸ್ವಲ್ಪ ಬೀಗಿದಳು, ಸುಳ್ಳು ಯಾಕೆ ಹೇಳಬೇಕು.

ಗೋಡೆಯ ಕರೆಂಟು ತಪ್ಪಿ ಬ್ಯಾಟರಿಗೆ ಬಂದರೆ ಉಳಿತಾಯಕ್ಕೆಂದು ಇಬ್ಬರನ್ನು ಮಲಗಿಸುವ ಏರ್ಪಾಡಿದೆ. ಕೂಡಿಸುವ ಸಾಲಿನಲ್ಲಿ 'ಇರುವವರದ್ದೆಲ್ಲ ಕೂಡಿಸು' ಎಂದು ಬರೆಯಬೇಕಿತ್ತು. ಅವಳು ಬರೆದದ್ದು 'ಎದ್ದಿರುವವರದ್ದು ಕೂಡಿಸು' ಎಂದು. ಮಲಗಿದವರ ಚೀಟಿಗಳು ಅವರ ದಿಂಬಿನಡಿಯಲ್ಲೇ ಉಳಿದವು. ಪ್ಲಗ್ ಹಾಕಿದ ಕೂಡಲೇ ಅವರು ಎದ್ದು ಕೂರುತ್ತಾರೆ, ಚೀಟಿ ಹೊರಗೆ ಬರುತ್ತದೆ, ಲೆಕ್ಕ ಸರಿಯಾಗಿಬಿಡುತ್ತದೆ. ಆರು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಹೀಗೆ.

ಯಾರ ಕಣ್ಣಿಗೂ ಬೀಳದಿದ್ದರೂ ಒಬ್ಬರ ಜೀವ ತೆಗೆದಿತ್ತು. ಎಂಟು ತಿಂಗಳ ಹಿಂದೆ, ಊರಿನ ದೊಡ್ಡಾಸ್ಪತ್ರೆಯಲ್ಲಿ, ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದ ಒಬ್ಬ ಮುದುಕರಿಗೆ ಈ ಪಂಪಿನಲ್ಲಿ ನೋವಿನ ಔಷಧಿ ಹಾಕಿದ್ದರು. ನಲವತ್ತು ಮಿಲಿಗೆ ನಿಲ್ಲಬೇಕು ಎಂದು ವೈದ್ಯರು ಬರೆದಿದ್ದರು. ನಲವತ್ತು ಇನ್ನೇನು ತುಂಬಬೇಕು ಎನ್ನುವಾಗ ಅವರನ್ನು ಮಂಚದ ಸಮೇತ ಸ್ಕ್ಯಾನಿಂಗಿಗೆ ಒಯ್ದರು, ಬ್ಯಾಟರಿಯ ಮೇಲೆ. ಅರ್ಧ ಲೆಕ್ಕವಷ್ಟೇ ಕಂಡ ಪಂಪ್, ನಲವತ್ತು ಇನ್ನೂ ಆಗಿಲ್ಲವೆಂದು ತಳ್ಳುತ್ತಲೇ ಹೋಯಿತು. ವಾಪಸ್ ತಂದು ಪ್ಲಗ್ ಹಾಕಿದಾಗ ಪರದೆಯಲ್ಲಿ ಅರವತ್ತು ಇತ್ತು, ಸಿರಿಂಜ್ ಬರಿದಾಗಿತ್ತು, ಮುದುಕರ ಉಸಿರು ನಿಂತಿತ್ತು. ಮಿತಿ ಎಷ್ಟು ಒತ್ತಿದ್ದರು ಎಂಬುದನ್ನು ಕೆಲಸ ಮುಗಿದ ಮೇಲೆ ಪಂಪ್ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಮಿತಿಯನ್ನು ಒತ್ತಿದ್ದ ನರ್ಸಿನ ತಲೆಗೇ ತಪ್ಪು ಬಂತು.

ಆ ನರ್ಸ್ ಅವಳ ಸ್ವಂತ ತಂಗಿ.

"ನಲವತ್ತೇ ಒತ್ತಿದ್ದು ಅಕ್ಕ," ಎಂದು ತಂಗಿ ಆವತ್ತು ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತು ಹೇಳಿದ್ದಳು. ಅಕ್ಕ ಏನು ಮಾಡಿದಳು? ಪಕ್ಕದಲ್ಲಿ ಕೂರಿಸಿಕೊಂಡು, ಬುದ್ಧಿವಂತೆಯ ಹಾಗೆ, "ಆ ಎಣಿಕೆ ನಾನೇ ಬರೆದದ್ದು ಕಣೇ. ಅದು ತಪ್ಪೋದಿಲ್ಲ. ಇನ್ನೊಂದು ಸಲ ನೆನಪು ಮಾಡ್ಕೊ. ಒಪ್ಕೊಂಡ್ರೆ ಶಿಕ್ಷೆ ಕಡಿಮೆ ಆಗುತ್ತೆ," ಎಂದಳು. ಒಂದು ದಿನ ಅಲ್ಲ, ವಾರವಿಡೀ. ಕೈ ಎಲ್ಲಿತ್ತು, ಯಾರು ಪಕ್ಕದಲ್ಲಿದ್ದರು, ಯಾವ ಅಂಕಿ ಮೊದಲು. ವಿಚಾರಣೆ ಮಾಡಿದವರೂ ಅಷ್ಟು ಕೇಳಿರಲಿಕ್ಕಿಲ್ಲ. ಎಂಟನೆಯ ದಿನ ತಂಗಿ ಹೋಗಿ ತಪ್ಪೊಪ್ಪಿಗೆಗೆ ಸಹಿ ಹಾಕಿ ಬಂದಳು. ಹತ್ತೊಂಬತ್ತು ವರ್ಷದ ನೌಕರಿ ಹೋಯಿತು, ನರ್ಸ್ ಕೆಲಸ ಮಾಡುವ ಪರವಾನಗಿಯೂ ಹೋಯಿತು. ಈಗ ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿ ಹಾಕುತ್ತಾಳೆ.

ಮೀಟರಪ್ಪ ಬಂದು ಮೇಜಿನ ಅಂಚಿಗೆ ಒರಗಿ ನಿಂತರು. "ಒಂದೇ ಸಾಲು ತಾನೇ?" ಎಂದರು ಮೆಲ್ಲಗೆ.

"ಒಂದೇ ಪದ."

"ಮುಂದಿನ ತಿಂಗಳು ಹೊಸ ಆವೃತ್ತಿ ಹೋಗುತ್ತೆ. ಅದರ ಜೊತೆ ಸದ್ದಿಲ್ಲದೆ ಸರಿ ಮಾಡಿಬಿಡಮ್ಮ. ಹೋದವರು ವಾಪಸ್ ಬರ್ತಾರಾ? ನೀನೂ ಮುಳುಗಿ ಏನು ಸಾಧಿಸ್ತೀಯ?"

"ನನ್ನ ತಂಗಿ ಬದುಕಿದ್ದಾಳಲ್ಲ."

ಅವಳು ಕೂತು ಎರಡು ಪುಟ ಬರೆದಳು. ತಪ್ಪು ಏನು, ಯಾರದು, ಪ್ಲಗ್ ಕಿತ್ತು ಯಾರು ಬೇಕಾದರೂ ಹೇಗೆ ನೋಡಬಹುದು ಎಂದೆಲ್ಲ ಬಿಡಿಸಿ ಬರೆದು, ಕೆಳಗೆ ಸಹಿ ಮಾಡಿ, ಒಂದು ಪ್ರತಿಯನ್ನು ತನ್ನ ಮೇಲಧಿಕಾರಿಗೂ ಒಂದನ್ನು ಆಸ್ಪತ್ರೆಗೂ ಕಳಿಸಿದಳು. ಮೇಲಧಿಕಾರಿ ಓದಿ, ಕನ್ನಡಕ ತೆಗೆದು, "ಇವತ್ತು ಮನೆಗೆ ಹೋಗಿ," ಎಂದಷ್ಟೇ ಹೇಳಿದರು. ಮೂರನೆಯ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಬಸ್ಸಿನಲ್ಲಿ ಕೂತಾಗ, ಇಷ್ಟು ದಿನದಲ್ಲಿ ಮೊದಲ ಸಲ, ತಂಗಿಗೆ ಏನಾದರೂ ಕೊಡುವುದಕ್ಕೆ ಹೋಗುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಬೈಯಲಿ, ಹೊಡೆಯಲಿ, ಮನೆ ಬಿಟ್ಟು ಹೋಗಲಿ, ಎಲ್ಲಕ್ಕೂ ತಯಾರಾಗಿದ್ದಳು.

ಸಂಜೆಯ ಬಿಸಿಲು ಇನ್ನೂ ಇತ್ತು. ತಂಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. "ಬೇಗ ಬಂದ್ಯಲ್ಲ, ಕೆಲಸದಿಂದ ಓಡಿಸಿದ್ರಾ?" ಎಂದು ತಮಾಷೆ ಮಾಡಿದಳು.

ಅಕ್ಕ ಚಪ್ಪಲಿಯನ್ನೂ ಬಿಡದೆ ಎದುರು ಕೂತು ಎಲ್ಲ ಹೇಳಿದಳು. ಪ್ರೊಸೆಸರು, ಚೀಟಿ, ಮಲಗಿದವರು, ಎದ್ದವರು. ಬಿಕ್ಕುತ್ತಾ ಹೇಳಿದಳು, ಹೇಳಿದ್ದನ್ನೇ ಮತ್ತೆ ಹೇಳಿದಳು. "ನಿನ್ನದು ಏನೂ ತಪ್ಪಿರಲಿಲ್ಲ ಕಣೇ. ನೀನು ನಲವತ್ತೇ ಒತ್ತಿದ್ದೆ. ನಾನು ಕೊಂದದ್ದು, ನಾನು."

ಅಕ್ಕ ಚಾಚಿದ ಕಾಗದವನ್ನು ತಂಗಿ ಪೂರ್ತಿ ಓದಿದಳು, ಎರಡನೆಯ ಪುಟವನ್ನೂ ತಿರುಗಿಸಿ ಓದಿದಳು. ಓದಿ ಮಡಿಸಿ ಬಟಾಣಿಯ ಪಕ್ಕದಲ್ಲಿಟ್ಟಳು.

"ನೀನು ಯಾಕೆ ಅಕ್ಕ ಇದನ್ನ ತಲೆಗೆ ಕಟ್ಕೊಳ್ತೀಯ," ಎಂದಳು. "ನನ್ನ ಸಲುವಾಗಿ ಸುಳ್ಳು ಬರೀಬೇಡ."

"ಸುಳ್ಳಲ್ವೇ. ಕಣ್ಣಾರೆ ನೋಡಿದೆ. ನಾಳೆ ಕರ್ಕೊಂಡು ಹೋಗಿ ತೋರಿಸ್ತೀನಿ."

"ಯಂತ್ರದ್ದು ಏನಾದ್ರೂ ಇರಬಹುದು. ಆದ್ರೆ ಒತ್ತಿದ್ದು ನನಗೆ ನೆನಪಿದೆಯಲ್ಲ."

"ಇಲ್ಲ. ನಲವತ್ತು ಅಂತ ನೀನೇ ಹೇಳಿದ್ದೆ, ಇದೇ ಜಾಗದಲ್ಲಿ."

"ಮೊದಮೊದಲು ಹಾಗೇ ಅನ್ಕೊಂಡಿದ್ದೆ. ನೀನು ಕೂರಿಸಿ ಕೂರಿಸಿ ಕೇಳಿದ ಮೇಲೆ ಒಂದೊಂದಾಗಿ ಎಲ್ಲ ನೆನಪಿಗೆ ಬಂತು. ಆಗಷ್ಟೇ ಕೈ ತೊಳ್ಕೊಂಡು ಬಂದಿದ್ದೆ, ಬೆರಳು ಒದ್ದೆ ಇತ್ತು." ತಂಗಿಯ ದನಿಯಲ್ಲಿ ನಡುಕ ಇರಲಿಲ್ಲ, ಸಿಟ್ಟೂ ಇರಲಿಲ್ಲ. ವಾರ್ಡಿನಲ್ಲಿ ಪಾಳಿ ಬಿಟ್ಟುಕೊಡುವಾಗ ವರದಿ ಒಪ್ಪಿಸುವ ಹಾಗೆ ಹೇಳಿಕೊಂಡು ಹೋದಳು. "ಆ ಅಜ್ಜನ ಮನೆಯವರಿಗೂ ಹೇಳಿ ಬಂದಿದ್ದೀನಿ ಅಕ್ಕ. ಅಜ್ಜಿ ನನ್ನ ತಲೆ ಸವರಿ, ಹೋಗಲಿ ಬಿಡು ಮಗಳೇ ಅಂದ್ರು. ಆಮೇಲೆ ಸ್ವಲ್ಪ ನಿದ್ದೆ ಬರೋಕೆ ಶುರುವಾಯ್ತು. ಈಗ ಹೋಗಿ ಏನಂತ ಹೇಳಲಿ?"

ಅಕ್ಕ ಅವಳ ಎರಡೂ ಭುಜ ಹಿಡಿದು ಅಲುಗಿಸಿದಳು. "ಅದು ನೆನಪಲ್ಲ ಕಣೇ. ನಾನು ನಿನ್ನ ತಲೆಗೆ ತುಂಬಿದ್ದು. ಬಿಟ್ಟುಬಿಡು ಅದನ್ನ. ನಿನ್ನ ಕಾಲಿಗೆ ಬೀಳ್ತೀನಿ."

"ಹೇಗೆ ಬಿಡೋದು?" ಎಂದು ತಂಗಿ ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ನೋಡು, ಹೀಗೆ."

ಭುಜದ ಮೇಲಿದ್ದ ಅಕ್ಕನ ಕೈಯನ್ನು ಮೆಲ್ಲಗೆ ಸರಿಸಿ, ಬಟಾಣಿಯ ಸಿಪ್ಪೆಗಳನ್ನು ಪಕ್ಕಕ್ಕೆ ತಳ್ಳಿ, ಮೇಜಿನ ಮೇಲೆ ಸ್ವಲ್ಪ ಜಾಗ ಮಾಡಿಕೊಂಡಳು. ತೋರುಬೆರಳಿನಿಂದ, ನಾಲ್ಕು ಇರುವ ಕಡೆ ಒತ್ತಿದಳು. ಹಿಡಿಯಲಿಲ್ಲವೆಂಬಂತೆ ಅಲ್ಲೇ ಇನ್ನೊಂದು ಸಲ, ಗಟ್ಟಿಯಾಗಿ ಒತ್ತಿದಳು. ಆಮೇಲೆ ಅದರ ಕೆಳಗೆ, ಸೊನ್ನೆ ಇರುವ ಕಡೆ. ಒತ್ತಿ ಆದ ಮೇಲೆ ಆ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು.