ಕೆಂಪು ಬಿಲ್ಲೆ

ಕಾಲರ್ ಅಕ್ಕ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುತ್ತಿರಲಿಲ್ಲ. ಶೆಡ್ಡಿನ ತಗಡು ಕಾದು ಹಂಚಾಗಿದ್ದರೂ ನಾಲಗೆಯಲ್ಲಿ ತುಟಿ ಸವರಿಕೊಂಡು ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ ಹೋಗುವುದು?

ನಮ್ಮಲ್ಲಿ ಕಕ್ಕಸಿಗೆ ಹೋಗಬೇಕೆಂದರೆ ಸೂಪರ್‌ವೈಸರ್ ಕೈಯಿಂದ ಬಿಲ್ಲೆ ಇಸಿದುಕೊಳ್ಳಬೇಕು. ಹೆಂಗಸರಿಗೆ ಕೆಂಪು, ಗಂಡಸರಿಗೆ ನೀಲಿ. ಬಿಲ್ಲೆ ತೋರಿಸದೆ ಕಾವಲಿನವನು ಬಾಗಿಲು ತೆಗೆಯುವುದಿಲ್ಲ. ಅಕ್ಕ ಗಂಡು ಮೈಯಲ್ಲಿ ಹುಟ್ಟಿ, ಗಂಡಿನ ಹೆಸರಲ್ಲಿ ಕೆಲಸಕ್ಕೆ ಸೇರಿದವಳು. ತಾನು ಹೆಣ್ಣೆಂದು ಬಾಯಿಬಿಟ್ಟು ಹೇಳಿ ಲಂಗ ಉಟ್ಟ ದಿನವೇ ಅಣ್ಣ ಮನೆಯಿಂದ ಹೊರಗೆ ಹಾಕಿದ. ಅವಳಿಗೆ ಉಳಿದದ್ದು ಈ ಮಿಷನ್ನು, ಇದರ ಸಂಬಳದಲ್ಲಿ ಹಿಡಿದ ಒಂದು ಕೋಣೆ. ನೀಲಿ ಬಿಲ್ಲೆ ಹಿಡಿದು ಹೋದಾಗ ಗಂಡಸರು ಹೊರಗಿನಿಂದ ಚಿಲಕ ಹಾಕಿ ನಕ್ಕರು. ಕೆಂಪು ಕೇಳಿದರೆ ಸೂಪರ್‌ವೈಸರ್, "ಮೊದಲು ಬಿಚ್ಚಿ ತೋರ್ಸಪ್ಪ, ಆಮೇಲೆ ಕೊಡ್ತೀನಿ" ಅನ್ನುತ್ತಿದ್ದ. ಅವನ ನಾಲಗೆ ಸೇದಿಹೋಗ!

ಮೊನ್ನೆ ತಲೆ ಸುತ್ತಿ ಮಿಷನ್ನಿನ ಮೇಲೆಯೇ ವಾಲಿದಳು. ಗುಂಡಿ ಹೊಲಿಯುವ ಅಜ್ಜಿ ಓಡಿಬಂದಳು. "ಸಾಯ್ತೀಯೇನೆ? ಕುಡಿ" ಎಂದು ಒಂದು ಚೊಂಬು ನೀರು ಪೂರ್ತಿ ಕುಡಿಸಿದಳು. ಅಲ್ಲೇ ಆಗಿದ್ದು ಎಡವಟ್ಟು.

ಸ್ವಲ್ಪ ಹೊತ್ತಿಗೆ ಅಕ್ಕ ಸೂಪರ್‌ವೈಸರ್ ಮುಂದೆ ನಿಂತಳು. "ಸಾರ್, ಕೈ ಮುಗೀತೀನಿ. ಕೆಂಪು ಕೊಡಿ. ಇದೊಂದು ಸಲ."

ಅವನು ನಮ್ಮ ಕಡೆ ತಿರುಗಿದ. "ಏನ್ರಮ್ಮಾ, ಇವನನ್ನ ನಿಮ್ಮ ಕಕ್ಕಸಿಗೆ ಕಳಿಸ್ಲಾ? ಒಬ್ರು ಬೇಡ ಅಂದ್ರೂ ಕಳ್ಸಲ್ಲ."

"ಬೇಡ ಸಾರ್," ಎಂದಳು ಅವನ ಚೇಲಿ, ಇಸ್ತ್ರಿಯವಳು. "ಬರ್ಲಿ ಬಿಡಿ" ಎಂದು ನಾವು ಕೂಗಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಅಕ್ಕ ಬಂದು ಕುಳಿತಳು. ತೊಡೆ ಬಿಗಿಹಿಡಿದು ಒಂದು ಕಾಲರ್ ಹೊಲಿದಳು. ಇನ್ನೊಂದು ಅರ್ಧವಾಗುವಷ್ಟರಲ್ಲಿ ಸ್ಟೂಲಿನಿಂದ ನೆಲಕ್ಕೆ ಹರಿಯಿತು.

ಗಂಡಸರ ಸಾಲು ಶಿಳ್ಳೆ ಹೊಡೆಯಿತು. ಸೂಪರ್‌ವೈಸರ್ ನೆಲ ಒರೆಸುವ ಬಟ್ಟೆಯನ್ನು ಕಾಲಿನಿಂದ ದೂರ ತಳ್ಳಿದ. "ಇದ್ಯಾಕೆ? ಅಷ್ಟು ಆಸೆಪಟ್ಟು ಉಟ್ಟಿದೀಯಲ್ಲ ಲಂಗ, ಅದರಲ್ಲೇ ಒರ್ಸು."

ಅವಳು ಮಂಡಿಯೂರಿ ಒರೆಸಿದಳು. ಎದ್ದಾಗ ಅವನೆಂದ: "ನಾಳೆ ಕೂದ್ಲು ಕತ್ತರಿಸ್ಕೊಂಡು, ಪ್ಯಾಂಟ್ ಹಾಕ್ಕೊಂಡು ಬಾ. ಕೆಲಸ ಇದೆ. ಹಿಂಗೇ ಬಂದ್ರೆ ಗೇಟಿಂದಾಚೆ."

ಮರುದಿನ ಅವಳು ಲಂಗದಲ್ಲೇ ಬಂದಳು. ಒಗೆದು ಒಣಗಿಸಿದ ಅದೇ ಲಂಗ. ಕಾವಲಿನವನು ಕತ್ತು ಹಿಡಿದು ಆಚೆ ನೂಕಿದ. ನಾವು ಒಳಗೆ ಹೋಗುತ್ತಾ ತಿರುಗಿ ನೋಡಿದರೆ ಗೇಟಿನ ಸರಳು ಹಿಡಿದು ನಿಂತೇ ಇದ್ದಳು.

ಒಳಗೆ ಅಜ್ಜಿ ಚೊಂಬು ತುಂಬಿಸಿ ಗಟಗಟ ಕುಡಿದಳು. ನನಗೆ ಕೊಟ್ಟಳು. ನಾನು ಪಕ್ಕದವಳಿಗೆ. ಚೊಂಬು ಸಾಲಿನ ಕೊನೆವರೆಗೂ ಹೋಗಿ ಬಂತು, ಮತ್ತೆ ತುಂಬಿತು, ಮತ್ತೆ ಹೋಯಿತು. ಆಮೇಲೆ ಸ್ಟೂಲು ಸರಿಸಿ, ರಫ್ತಿಗೆ ಹೋಗುವ ಬಿಳಿ ಅಂಗಿಗಳ ಗಂಟು ಎಳೆದುಕೊಂಡು ಅದರ ಮೇಲೇ ಕುಳಿತೆವು.

ಮಧ್ಯಾಹ್ನವಾದರೂ ಯಾರೂ ಬಿಲ್ಲೆ ಕೇಳಲಿಲ್ಲ. ಸೂಪರ್‌ವೈಸರ್‌ಗೆ ಆಗ ಹೊಳೆಯಿತು. ಕೆಂಪು ಬಿಲ್ಲೆ ಹಿಡಿದು ಓಡಿಬಂದ. "ಏಳ್ರೇ! ಸಂಜೆ ಲಾರಿ ಬರುತ್ತೆ! ತಗೊಳ್ರಮ್ಮಾ, ಹೋಗಿ ಬನ್ನಿ!"

"ಗೇಟಲ್ಲಿ ನಿಂತಿದಾಳಲ್ಲ, ಮೊದಲು ಅವಳ ಕೈಗೆ ಕೊಡು," ಎಂದಳು ಅಜ್ಜಿ. "ಆಮೇಲೆ ಏಳ್ತೀವಿ."

"ಅವನಿಗಾ? ನನ್ನ ಹೆಣ ಬಿದ್ಮೇಲೆ!"

"ಹಂಗಾದ್ರೆ ಕೂತೇ ಇರ್ತೀವಿ."

ಅವನು ನನ್ನ ಮುಂದೆ ಬಂದು ಬಿಲ್ಲೆ ಹಿಡಿದ. ನಾನು ಕೈ ಚಾಚಲಿಲ್ಲ. ನನಗೆ ಆಗಲೇ ತಡೆದುಕೊಳ್ಳಲು ಆಗುತ್ತಿರಲಿಲ್ಲ. ತಡೆದುಕೊಳ್ಳುವ ಮನಸ್ಸೂ ಇರಲಿಲ್ಲ.